ತಕ್ಕಮಟ್ಟಿಗೆ ‘ಫೇರ್ಲಿ’

(ಅನುವಾದ ಕಲಿಯುತ್ತಿರುವ ಒಂದು ಸಣ್ಣ ಗುಂಪಿನ ಮುಂದೆ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ಕತ್ತರಿಸಿದ್ದೇನೆ, ಒಂದೆರಡು ಕಡೆ ಸೇರಿಸಿದ್ದೂ ಇದೆ.)

ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಆಮೇಲೆ ನೀವೇ ಕಂಡುಹಿಡಿದು ನಗುವುದಕ್ಕಿಂತ ಇದು ವಾಸಿ.

ಅನುವಾದದ ಕೆಲಸ ಹೊಸದಾಗಿ ಶುರು ಮಾಡಿದ್ದ ಕಾಲ. ಒಂದು ವೈದ್ಯಕೀಯ ವರದಿ ಕೈಗೆ ಬಂತು. ಅದರಲ್ಲಿ ‘ದ ಪೇಶಂಟ್ ಈಸ್ ಫೇರ್ಲಿ ಸ್ಟೇಬಲ್’ ಅಂತ ಒಂದು ಸಾಲು. ರಾತ್ರಿ ತುಂಬಾ ಹೊತ್ತಾಗಿತ್ತು, ಬೆಳಗ್ಗೆ ಕೊಡಬೇಕಿತ್ತು. ಫೇರ್ ಅಂದರೆ ನ್ಯಾಯ, ಹಾಗಾದರೆ ಫೇರ್ಲಿ ಅಂದರೆ ನ್ಯಾಯಯುತವಾಗಿ, ಅಷ್ಟೇ ತಾನೇ? ‘ರೋಗಿಯ ಸ್ಥಿತಿ ನ್ಯಾಯಯುತವಾಗಿ ಸ್ಥಿರವಾಗಿದೆ’ ಅಂತ ಬರೆದು ಕಳಿಸಿಯೂ ಬಿಟ್ಟೆ. ಮಾರನೇ ದಿನ ಫೋನ್ ಬಂತು. ಆ ಕಡೆಯವರು ಬೈಯಲಿಲ್ಲ. ಸುಮ್ನೆ ಆ ವಾಕ್ಯವನ್ನು ನಿಧಾನಕ್ಕೆ ಓದಿದರು, ಆಮೇಲೆ ‘ಅಂದ್ರೆ ಬೇರೆ ರೋಗಿಗಳು ಅನ್ಯಾಯವಾಗಿ ಸ್ಥಿರವಾಗಿದ್ದಾರಾ ಸಾರ್?’ ಅಂತ ಕೇಳಿದರು.

ಅವತ್ತಿನಿಂದ ಈ ಪದದ ಬೆನ್ನು ಬಿಟ್ಟಿಲ್ಲ ನಾನು. ಇವತ್ತಿನ ಮಾತೆಲ್ಲ ಇದೊಂದೇ ಪದದ ಬಗ್ಗೆ.

ಇಂಗ್ಲಿಷಿನಲ್ಲಿ ಫೇರ್ಲಿ ಅನ್ನೋದು ಎರಡು ಮನೆಯಲ್ಲಿ ಸಂಸಾರ ಮಾಡುವ ಪದ. ಒಂದು ಮನೆಯಲ್ಲಿ ಅದಕ್ಕೆ ನ್ಯಾಯದ ಕೆಲಸ. ‘ದೇ ಟ್ರೀಟೆಡ್ ಹರ್ ಫೇರ್ಲಿ’ ಅಂದರೆ ಅವಳ ಜೊತೆ ಭೇದಭಾವ ಮಾಡಲಿಲ್ಲ, ಮೋಸ ಮಾಡಲಿಲ್ಲ, ಸರಿಯಾಗಿ ನಡೆಸಿಕೊಂಡರು. ಇನ್ನೊಂದು ಮನೆಯಲ್ಲಿ ಅದಕ್ಕೆ ಅಳತೆಯ ಕೆಲಸ. ‘ಫೇರ್ಲಿ ಗುಡ್’ ಅಂದರೆ ಪರವಾಗಿಲ್ಲ, ಚೆನ್ನಾಗೇ ಇದೆ ಅನ್ನಬಹುದು, ಆದರೆ ಬಹಳ ಚೆನ್ನಾಗಿದೆ ಅಂತ ಎದೆ ತಟ್ಟಿ ಹೇಳುವ ಹಾಗಿಲ್ಲ. ಯಾವ ಮನೆಯಲ್ಲಿದೆ ಅಂತ ಗೊತ್ತಾಗಬೇಕಾದರೆ ಪಕ್ಕದಲ್ಲಿ ಯಾರು ಕೂತಿದ್ದಾರೆ ನೋಡಿ. ಹಂಚು, ನಡೆಸಿಕೊ, ತೀರ್ಪು ಕೊಡು, ಆಡು ಈ ಥರದ ಕ್ರಿಯಾಪದದ ಜೊತೆ ಇದ್ದರೆ ನ್ಯಾಯ. ‘ಸ್ಟೇಬಲ್’, ‘ಕಾಮನ್’, ‘ಸೂನ್’, ‘ಆಫನ್’ ಇಂಥವುಗಳ ಮುಂದೆ ಕೂತಿದ್ದರೆ ಅಳತೆ. ನನ್ನ ರೋಗಿ ಎರಡನೇ ಮನೆಯವನು, ನಾನು ಒಯ್ದು ಮೊದಲನೇ ಮನೆಗೆ ಬಿಟ್ಟು ಬಂದಿದ್ದೆ.

ಇಷ್ಟೇ ಆಗಿದ್ದರೆ ಐದು ನಿಮಿಷದಲ್ಲಿ ಮಾತು ಮುಗಿಸಿ ಎದ್ದುಹೋಗಬಹುದಿತ್ತು. ತೊಂದರೆ ಇರೋದು ಎರಡೂ ಮನೆಗೆ ಒಂದೇ ಬಾಗಿಲು ಇರುವ ಕಡೆ.

ಈ ವಾಕ್ಯ ನೋಡಿ: ‘ದ ವರ್ಕರ್ಸ್ ಆರ್ ಫೇರ್ಲಿ ಪೇಯ್ಡ್’. ಕೆಲಸಗಾರರಿಗೆ ನ್ಯಾಯವಾದ ಕೂಲಿ ಸಿಗುತ್ತಿದೆ ಅಂತ ಅರ್ಥ. ಈಗ ಒಂದು ಪುಟ್ಟ ಪದ ಸೇರಿಸೋಣ: ‘ಫೇರ್ಲಿ ವೆಲ್ ಪೇಯ್ಡ್’. ಈಗ ಅರ್ಥ ಏನು? ಕೂಲಿ ಒಂದು ಮಟ್ಟಿಗೆ ಚೆನ್ನಾಗಿದೆ ಅಂತ. ‘ವೆಲ್’ ಬಂದು ಕೂತ ಕೂಡಲೇ ನ್ಯಾಯ ಎದ್ದು ಹೊರಗೆ ಹೋಯಿತು! ಕೂಲಿ ಚೆನ್ನಾಗಿರಬಹುದು, ಆದರೆ ಅದೇ ಕೆಲಸ ಮಾಡುವ ಪಕ್ಕದವನಿಗೆ ಇದರ ಎರಡರಷ್ಟು ಸಿಗುತ್ತಿರಬಹುದು. ಆಗ ಅವರು ಫೇರ್ಲಿ ವೆಲ್ ಪೇಯ್ಡ್ ಹೌದು, ಫೇರ್ಲಿ ಪೇಯ್ಡ್ ಅಲ್ಲ. ಒಂದು ಒಪ್ಪಂದದ ಕಾಗದದಲ್ಲಿ ಈ ವ್ಯತ್ಯಾಸ ತಪ್ಪಿದರೆ ಯಾರದೋ ಹೊಟ್ಟೆಯ ಮೇಲೆ ಹೊಡೆದ ಹಾಗೆ.

ಬೆಲೆಯದ್ದೂ ಇದೇ ಕಥೆ. ‘ಫೇರ್ಲಿ ಪ್ರೈಸ್ಡ್’ ಅಂದರೆ ಸರಿಯಾದ ಬೆಲೆ, ‘ಫೇರ್ಲಿ ಹೈ ಪ್ರೈಸ್ಡ್’ ಅಂದರೆ ಬೆಲೆ ಸ್ವಲ್ಪ ಜಾಸ್ತಿನೇ. ‘ಎ ಫೇರ್ಲಿ ಬ್ಯಾಲೆನ್ಸ್ಡ್ ರಿಪೋರ್ಟ್’ ಅಂದಾಗಂತೂ ಇಂಗ್ಲಿಷ್ ಮಾತಾಡುವವರೇ ತಡವರಿಸುತ್ತಾರೆ. ನ್ಯಾಯವಾಗಿ ಎರಡೂ ಕಡೆ ತೂಗಿದ ವರದಿಯೋ, ಅಥವಾ ಇದ್ದಿದ್ದರಲ್ಲಿ ಪರವಾಗಿಲ್ಲ ಅನ್ನುವಷ್ಟು ತೂಗಿದ ವರದಿಯೋ? ಮೊದಲನೆಯದು ಹೊಗಳಿಕೆ, ಎರಡನೆಯದು ಹೊಗಳಿಕೆಯ ಬಟ್ಟೆ ಹಾಕಿಕೊಂಡ ಚುಚ್ಚುಮಾತು. ನೀವೇ ಇಂಗ್ಲಿಷಿನಲ್ಲಿ ಬರೆಯುವಾಗ ನ್ಯಾಯದ ಅರ್ಥ ಬೇಕಿದ್ದರೆ ಪದವನ್ನು ಕ್ರಿಯಾಪದ ಆದ ಮೇಲೆ ಹಾಕಿಬಿಡಿ, ‘ಪೇಯ್ಡ್ ಫೇರ್ಲಿ’ ಅನ್ನುವ ಹಾಗೆ. ಅಲ್ಲಿ ಅದಕ್ಕೆ ಬೇರೆ ಅರ್ಥ ಹುಟ್ಟಲು ಜಾಗ ಇಲ್ಲ.

ಅಳತೆಯ ಮನೆಯೊಳಗೂ ಸ್ವಲ್ಪ ಇಣುಕೋಣ. ಅಲ್ಲಿ ಫೇರ್ಲಿಗೆ ‘ರಾದರ್’ ಅಂತ ಒಬ್ಬ ದಾಯಾದಿ ಇದ್ದಾನೆ. ಒಂದು ಕೋಣೆಯನ್ನು ಯಾರೋ ‘ಫೇರ್ಲಿ ವಾರ್ಮ್’ ಅಂದರು ಅಂದುಕೊಳ್ಳಿ, ಅವರಿಗೆ ಆ ಬಿಸಿ ಇಷ್ಟವಾಗಿದೆ. ಅದನ್ನೇ ಇನ್ನೊಬ್ಬರು ‘ರಾದರ್ ವಾರ್ಮ್’ ಅಂದರೆ ಕಿಟಕಿ ತೆಗೆಯಿರಿ ಅಂತ ಅರ್ಥ. ಬಿಸಿ ಒಂದೇ, ಮುಖ ಬೇರೆ. ಫೇರ್ಲಿ ಸಾಮಾನ್ಯವಾಗಿ ಒಳ್ಳೆಯದರ ಜೊತೆಗೇ ಓಡಾಡುವುದು. ಇನ್ನು, ‘ರಾದರ್ ಬೆಟರ್’ ಅನ್ನಬಹುದು, ‘ಫೇರ್ಲಿ ಬೆಟರ್’ ಅನ್ನುವ ಹಾಗಿಲ್ಲ. ‘ಐ ರಾದರ್ ಲೈಕ್ ಇಟ್’ ಸರಿ, ‘ಐ ಫೇರ್ಲಿ ಲೈಕ್ ಇಟ್’ ತಪ್ಪು. ಹೇಳುವ ದನಿಯೂ ಮುಖ್ಯ. ‘ಗುಡ್’ ಅನ್ನೋದನ್ನು ಒತ್ತಿದರೆ ಚೆನ್ನಾಗಿದೆ, ‘ಫೇರ್ಲಿ’ಯನ್ನೇ ಎಳೆದು ಒತ್ತಿದರೆ ಏನೋ ಅಷ್ಟಕ್ಕಷ್ಟೆ. ಮೇಷ್ಟರು ಉತ್ತರ ಪತ್ರಿಕೆ ಮೇಲೆ ‘ಫೇರ್ಲಿ ಗುಡ್’ ಅಂತ ಬರೆದಿದ್ದರೆ ಮನೆಯಲ್ಲಿ ಜಾಸ್ತಿ ಕುಣಿಯಬೇಡಿ.

ಇದಕ್ಕಿಂತ ಅಪಾಯದ್ದು ಬರೀ ‘ಫೇರ್’. ಬೇರೆ ಬೇರೆ ದೇಶಗಳ ಆರೋಗ್ಯ ಸಮೀಕ್ಷೆಗಳಲ್ಲಿ ಒಂದು ಪ್ರಶ್ನೆ ಪದೇ ಪದೇ ಬರುತ್ತದೆ, ನಿಮ್ಮ ಆರೋಗ್ಯ ಹೇಗಿದೆ ಅಂತ. ಉತ್ತರಕ್ಕೆ ಐದು ಮೆಟ್ಟಿಲು: ಎಕ್ಸಲೆಂಟ್, ವೆರಿ ಗುಡ್, ಗುಡ್, ಫೇರ್, ಪೂರ್. ಗಮನಿಸಿ, ಫೇರ್ ಇರೋದು ಕೆಳಗಿನಿಂದ ಎರಡನೇ ಮೆಟ್ಟಿಲಲ್ಲಿ. ಗುಡ್‌ಗಿಂತ ಕೆಳಗೆ. ಯಾರೋ ಅನುವಾದಕ ಅದನ್ನು ‘ಚೆನ್ನಾಗಿದೆ’ ಅಂತ ಬರೆದುಬಿಟ್ಟರೆ, ಆರೋಗ್ಯ ಸಾಧಾರಣವಾಗಿರುವವರೂ ಅದಕ್ಕೆ ಗುರುತು ಹಾಕುವುದಿಲ್ಲ, ‘ಕೆಟ್ಟದಾಗಿದೆ’ ಅನ್ನುವುದಕ್ಕೆ ಹಾಕುತ್ತಾರೆ, ಇಡೀ ಏಣಿಯೇ ವಾಲಿಕೊಳ್ಳುತ್ತದೆ. ಅಲ್ಲಿ ‘ಸಾಧಾರಣ’ ಅಂತ ಬರೆದರೆ ಸರಿ.

ಮೂರನೇ ಮನೆ ಒಂದಿದೆ, ಹಳೇದು, ಈಗ ಅಲ್ಲಿ ವಾಸ ಕಡಿಮೆ. ‘ಹೀ ಫೇರ್ಲಿ ಫ್ಲೂ ಡೌನ್ ದ ಸ್ಟೇರ್ಸ್’. ಇಲ್ಲಿ ನ್ಯಾಯವೂ ಇಲ್ಲ, ‘ಒಂದು ಮಟ್ಟಿಗೆ’ಯೂ ಇಲ್ಲ. ಮೆಟ್ಟಿಲಿಳಿದ ರಭಸಕ್ಕೆ ಹಾರಿಯೇ ಬಿಟ್ಟ ಅಂತ. ನಮ್ಮಲ್ಲಿ ಈ ಕೆಲಸಕ್ಕೆ ಪದವೇ ಬೇಡ, ‘ಹಾರಿಯೇ’ ಅನ್ನುವಾಗಿನ ಆ ಒಂದು ‘ಏ’ ಸಾಕು. ಆದರೆ ವಿಚಿತ್ರ ನೋಡಿ, ಒಂದೇ ಪದಕ್ಕೆ ‘ಪೂರ್ತಿ’ ಅಂತಲೂ ಅರ್ಥ, ‘ಸುಮಾರಾಗಿ’ ಅಂತಲೂ ಅರ್ಥ.

ಇಷ್ಟೆಲ್ಲ ಅರ್ಥ ಒಂದೇ ಪದಕ್ಕೆ ಎಲ್ಲಿಂದ ಬಂತು ಅಂತ ನೋಡಬೇಕಲ್ವಾ.

ಹಳೇ ಇಂಗ್ಲಿಷಿನಲ್ಲಿ ಫೇರ್‌ನ ಅಜ್ಜ ‘ಫ್ಯಾಯರ್’ ಅಂತ ಇತ್ತು. ಅದರ ಅರ್ಥ ಚೆಲುವಾದ, ನೋಡಲು ಹಿತವಾದ. ನ್ಯಾಯದ ಸುಳಿವೇ ಇಲ್ಲ. ಅದರ ಎದುರಾಳಿ ‘ಫೌಲ್’, ಅಂದರೆ ಕೊಳಕು, ನಾರುವಂಥದ್ದು. ಆಟದಲ್ಲಿ ಇವತ್ತಿಗೂ ಫೌಲ್ ಅಂತ ಕೂಗುತ್ತಾರಲ್ಲ, ಅದೇ. ಮೋಡವಿಲ್ಲದ ದಿನ ‘ಫೇರ್ ವೆದರ್’, ಚಿತ್ತು ಕಾಟು ಇಲ್ಲದೆ ಮತ್ತೆ ನೀಟಾಗಿ ಬರೆದದ್ದು ‘ಫೇರ್ ಕಾಪಿ’. ಬಿಳಿ ಮೈಬಣ್ಣವನ್ನು ಫೇರ್ ಅನ್ನುವುದು ಆಮೇಲೆ ಅಂಟಿಕೊಂಡಿದ್ದು, ಅದರ ಬಗ್ಗೆ ಹೇಳಲು ಹೊರಟರೆ ಬೇರೆಯದೇ ಉಪನ್ಯಾಸ ಆಗುತ್ತದೆ. ಚೆಲುವಿನಿಂದ ಕಳಂಕ ಇಲ್ಲದ್ದು, ಕಳಂಕ ಇಲ್ಲದ್ದರಿಂದ ಪಕ್ಷಪಾತ ಇಲ್ಲದ್ದು, ಹೀಗೆ ಅರ್ಥ ಒಂದೊಂದೇ ಹೆಜ್ಜೆ ಜರುಗಿತು. ಫೇರ್ಲಿ ಅನ್ನುವ ರೂಪ 1400ರ ಸುಮಾರಿಗೆ ಕಾಣಿಸಿಕೊಂಡಾಗಲೂ ಅರ್ಥ ‘ಚೆಲುವಾಗಿ’ ಅಂತಲೇ. ನ್ಯಾಯದ ಅರ್ಥ ಗಟ್ಟಿಯಾಗಿದ್ದು 17ನೇ ಶತಮಾನದಲ್ಲಿ. ಅಳತೆಯ ಅರ್ಥ ಬಂದಿದ್ದು ಇನ್ನೂ ಈಚೆಗೆ, 19ನೇ ಶತಮಾನದ ಶುರುವಿನಲ್ಲಿ. ಜಾತ್ರೆ ಅನ್ನುವ ಅರ್ಥದ ಫೇರ್ ಇದಕ್ಕೆ ನೆಂಟನೇ ಅಲ್ಲ, ಅದು ಲ್ಯಾಟಿನ್ ಕಡೆಯಿಂದ ಬಂದದ್ದು.

ಆದರೆ ನನಗೆ ಬಹಳ ಇಷ್ಟವಾದದ್ದು ಇನ್ನೊಂದು. ಇಂಗ್ಲಿಷಿಗೆ ಗೋಥಿಕ್ ಅಂತ ಒಬ್ಬಳು ದೊಡ್ಡಮ್ಮ ಇದ್ದಳು, ಈಗ ಆ ಭಾಷೆ ಸತ್ತುಹೋಗಿದೆ. 4ನೇ ಶತಮಾನದಲ್ಲಿ ವುಲ್ಫಿಲ ಎಂಬ ಬಿಷಪ್ ಬೈಬಲನ್ನು ಆ ಭಾಷೆಗೆ ತಂದ. ಅಲ್ಲಿ ಲೂಕನ ಸುವಾರ್ತೆಯಲ್ಲಿ ಸಪ್ಪೆಯಾದ ಉಪ್ಪಿನ ಮಾತು ಬರುತ್ತದೆ. ರುಚಿ ಕಳೆದುಕೊಂಡ ಉಪ್ಪು ನೆಲಕ್ಕೂ ತಕ್ಕದ್ದಲ್ಲ, ತಿಪ್ಪೆಗೂ ತಕ್ಕದ್ದಲ್ಲ ಅಂತ. ಆ ‘ತಕ್ಕದ್ದು’ ಅನ್ನುವ ಜಾಗದಲ್ಲಿ ವುಲ್ಫಿಲ ಬಳಸಿದ ಪದ ‘ಫಗ್ರ್’. ನಮ್ಮ ಫೇರ್‌ನ ಒಡಹುಟ್ಟು. ಅಲ್ಲಿ ಅದಕ್ಕೆ ಚೆಲುವು ಅಂತ ಅರ್ಥ ಇಲ್ಲ, ನ್ಯಾಯ ಅಂತಲೂ ಇಲ್ಲ. ತಕ್ಕ, ಹೊಂದುವ, ಸಲ್ಲುವ ಅಂತ ಅರ್ಥ.

ಇದನ್ನು ಓದಿದ ದಿನ ನಾನು ಕುರ್ಚಿಯಿಂದ ಎದ್ದು ಎರಡು ಸುತ್ತು ಓಡಾಡಿದೆ. ಯಾಕೆ ಅಂತೀರಾ? ನಮ್ಮ ‘ತಕ್ಕ’ ಕೂಡ ಇದೇ ಎರಡು ಮನೆ ಸಂಸಾರ ಮಾಡುತ್ತದೆ! ದುಡಿಮೆಗೆ ತಕ್ಕ ಕೂಲಿ, ತಕ್ಕ ಬೆಲೆ, ಮಾಡಿದ್ದಕ್ಕೆ ತಕ್ಕ ಶಾಸ್ತಿ. ಇವೆಲ್ಲ ನ್ಯಾಯದ ಮನೆ. ‘ತಕ್ಕಮಟ್ಟಿಗೆ ಚೆನ್ನಾಗಿದೆ’, ‘ತಕ್ಕಮಟ್ಟಿಗೆ ಓದಿಕೊಂಡಿದ್ದಾನೆ’, ಇವು ಅಳತೆಯ ಮನೆ. ಎರಡು ಭಾಷೆಗೆ ಸಂಬಂಧವೇ ಇಲ್ಲ, ಆದರೂ ಹೊಂದುವುದು ಅನ್ನುವ ಒಂದೇ ಬೇರಿನಿಂದ ಎರಡೂ ಕಡೆ ಒಂದೇ ಥರದ ಕವಲು ಒಡೆದಿದೆ. ನಾನೋ, ಮನೆಯಲ್ಲೇ ಇದ್ದ ಪದವನ್ನು ಬಿಟ್ಟು ಪ್ರತಿ ಸಲವೂ ‘ನ್ಯಾಯಯುತವಾಗಿ’ ಅನ್ನುವ ಭಾರದ ಪೆಟ್ಟಿಗೆಯನ್ನು ಹೊತ್ತುಕೊಂಡು ಬರುತ್ತಿದ್ದೆ.

‘ನ್ಯಾಯಯುತವಾಗಿ’ ಮೇಲೆ ನನಗೆ ಕೋಪ ಏನಿಲ್ಲ. ಆದರೆ ಅದನ್ನು ಬಾಯಲ್ಲಿ ಯಾರು ಹೇಳುತ್ತಾರೆ? ನಾವು ಹೇಳುವುದು ‘ನ್ಯಾಯವಾಗಿ’ ಅಂತ, ಅದೂ ಬೇರೆ ಥರದಲ್ಲಿ. ‘ನ್ಯಾಯವಾಗಿ ಅವನೇ ಬಂದು ಕೇಳಬೇಕಿತ್ತು’ ಅನ್ನುತ್ತೇವೆ. ಇಂಗ್ಲಿಷಿನ ‘ಇಟ್ ಕ್ಯಾನ್ ಫೇರ್ಲಿ ಬಿ ಸೆಡ್’ ಅನ್ನುವುದು ಇದಕ್ಕೆ ಹತ್ತಿರ, ಯಾರೂ ತಕರಾರು ತೆಗೆಯುವ ಹಾಗಿಲ್ಲ, ಧಾರಾಳವಾಗಿ ಹೇಳಬಹುದು ಅಂತ. ಇನ್ನು ‘ಅನ್ಯಾಯವಾಗಿ’ಯಂತೂ ನಮ್ಮ ಬಾಯಲ್ಲಿ ಎಲ್ಲೆಲ್ಲಿಗೋ ಹೋಗಿದೆ. ‘ಅನ್ಯಾಯವಾಗಿ ಒಂದು ದಿನ ಹಾಳಾಯ್ತು’ ಅಂದರೆ ಅಲ್ಲಿ ತಪ್ಪು ಮಾಡಿದವರು ಯಾರೂ ಇಲ್ಲ. ಸುಮ್ನೆ, ವೃಥಾ ಅಂತ ಅರ್ಥ. ಅದನ್ನು ‘ಅನ್‌ಫೇರ್ಲಿ’ ಅಂತ ಇಂಗ್ಲಿಷಿಗೆ ಹಾಕಿದರೆ ಆ ಕಡೆಯವರು ಯಾರ ಮೇಲೆ ಕೇಸು ಹಾಕಬೇಕು ಅಂತ ಹುಡುಕುತ್ತಾರೆ.

ನಮಗೊಬ್ಬರಿಗೇ ಈ ಕಷ್ಟ ಅಂದುಕೊಳ್ಳಬೇಡಿ. ಯುರೋಪಿಯನ್ ಒಕ್ಕೂಟದಲ್ಲಿ ಜನರ ಖಾಸಗಿ ಮಾಹಿತಿ ಕಾಪಾಡುವ ಒಂದು ದೊಡ್ಡ ಕಾನೂನಿದೆ, ಜಿಡಿಪಿಆರ್ ಅಂತ. 2018ರ ಮೇ 25ರಿಂದ ಜಾರಿಯಲ್ಲಿದೆ. ಅದರ 5ನೇ ವಿಧಿ ಹೇಳುವುದು, ಜನರ ಮಾಹಿತಿಯನ್ನು ‘ಲಾಫುಲಿ, ಫೇರ್ಲಿ’ ಮತ್ತು ಪಾರದರ್ಶಕವಾಗಿ ಬಳಸಬೇಕು ಅಂತ. ಅದೇ ಕಾನೂನಿನ ಬೇರೆ ಭಾಷೆಯ ಪಠ್ಯಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ, ಮಜಾ ಇದೆ. ಜರ್ಮನ್ನಿನಲ್ಲಿ ಫೇರ್ಲಿ ಇರುವ ಜಾಗಕ್ಕೆ ‘ನಿಷ್ಠೆ ಮತ್ತು ನಂಬಿಕೆಗೆ ತಕ್ಕಂತೆ’ ಅನ್ನುವ ಅವರ ಹಳೇ ಕಾನೂನಿನ ನುಡಿಗಟ್ಟು ಬಂದಿದೆ. ಫ್ರೆಂಚಿನಲ್ಲಿ ‘ಲ್ವಾಯಾಲ್’, ಅಂದರೆ ನಿಷ್ಠೆಯಿಂದ, ಕೊಟ್ಟ ಮಾತಿಗೆ ತಪ್ಪದೆ. ಇಟಾಲಿಯನ್ನಿನಲ್ಲಿ ‘ಕೊರ್ರೆತ್ತೊ’, ಅಂದರೆ ಸರಿಯಾಗಿ. ಮೂರು ಭಾಷೆ, ಮೂರು ದಾರಿ, ಒಬ್ಬರೂ ‘ನ್ಯಾಯವಾಗಿ’ ಅಂದಿಲ್ಲ. ಜರ್ಮನ್ನರು ದಿನದ ಮಾತಿನಲ್ಲಿ ‘ಫೇರ್’ ಅನ್ನುವ ಇಂಗ್ಲಿಷ್ ಪದವನ್ನೇ ಎತ್ತಿಕೊಂಡು ಬಳಸುತ್ತಾರೆ. ಆದರೂ 5ನೇ ವಿಧಿಯ ಈ ಸಾಲಿನಲ್ಲಿ ಅದನ್ನು ಮುಟ್ಟಲಿಲ್ಲ. ಆನ್ನಾ ವಿಯೆರ್ಜ್‌ಬಿಕಾ ಎಂಬ ಭಾಷಾಶಾಸ್ತ್ರಜ್ಞೆಯ ವಾದವೇ ಇದು, ಫೇರ್ ಅನ್ನುವುದಕ್ಕೆ ಬೇರೆ ಭಾಷೆಗಳಲ್ಲಿ ಸರಿಸಮನಾದ ಪದ ಇಲ್ಲ ಅಂತ. ನಾನು ಅರ್ಧ ಒಪ್ಪುತ್ತೇನೆ. ಒಂದೇ ಪದ ಇಲ್ಲ, ನಿಜ. ಹೇಳಲು ಆಗುವುದೇ ಇಲ್ಲ ಅಂದರೆ ಒಪ್ಪುವುದಿಲ್ಲ.

ಅಲ್ಲಿ ‘ಲಾಫುಲಿ’ ಅಂತ ಒಮ್ಮೆ ಹೇಳಿದ ಮೇಲೆ ‘ಫೇರ್ಲಿ’ ಬೇರೆ ಯಾಕೆ ಬೇಕಿತ್ತು? ಕಾನೂನಿನ ಪ್ರಕಾರ ಎಲ್ಲ ಸರಿಯಿದ್ದೂ ಮೋಸ ಆಗಬಹುದು, ಅದಕ್ಕೆ. ನಾನು ಒಂದು ಕೆಲಸಕ್ಕೆ ಅಂತ ಕೊಟ್ಟ ಫೋನ್ ನಂಬರನ್ನು ನಾನು ಊಹೆ ಕೂಡ ಮಾಡದ ಇನ್ಯಾವುದೋ ಕೆಲಸಕ್ಕೆ ಬಳಸಿದರೆ, ಎಲ್ಲೋ ಸಣ್ಣ ಅಕ್ಷರದಲ್ಲಿ ನಾನೇ ಒಪ್ಪಿಗೆ ಕೊಟ್ಟಿದ್ದರೂ, ನನಗೆ ತಿಳಿದಾಗ ‘ಏನ್ರೀ ಇದು’ ಅನ್ನಿಸುತ್ತದಲ್ಲ, ಆ ‘ಏನ್ರೀ ಇದು’ ಬರದ ಹಾಗೆ ನಡೆದುಕೊಳ್ಳುವುದೇ ಇಲ್ಲಿ ಫೇರ್ಲಿ.

ಲೆಕ್ಕಪತ್ರದವರ ಫೇರ್ಲಿ ಇನ್ನೂ ಬೇರೆ. ಕಂಪನಿಯ ಲೆಕ್ಕ ಪರಿಶೀಲಿಸಿದ ಆಡಿಟರ್, ಲೆಕ್ಕಗಳು ‘ಪ್ರೆಸೆಂಟ್ ಫೇರ್ಲಿ’ ಅಂತ ಬರೆಯುತ್ತಾರೆ. ಪೈಸೆ ಪೈಸೆ ಸರಿಯಿದೆ ಅಂತಲ್ಲ ಅದರ ಅರ್ಥ. ನೋಡುವವರ ದಾರಿ ತಪ್ಪಿಸುವಂಥ ದೊಡ್ಡ ತಪ್ಪು ಇಲ್ಲ ಅಂತ. ಬ್ರಿಟನ್ನಿನ ಕಂಪನಿ ಕಾನೂನಿನಲ್ಲಿ ಮೊದಲು ‘ಟ್ರೂ ಆಂಡ್ ಕರೆಕ್ಟ್’ ಅಂತ ಇತ್ತು, 1947ರಲ್ಲಿ ಅದನ್ನು ‘ಟ್ರೂ ಆಂಡ್ ಫೇರ್’ ಮಾಡಿದರು. ಯಂತ್ರ ಎಷ್ಟು ವರ್ಷ ಬಾಳುತ್ತದೆ, ಕೊಟ್ಟ ಸಾಲದಲ್ಲಿ ಎಷ್ಟು ವಾಪಸ್ ಬರುವುದಿಲ್ಲ, ಇವೆಲ್ಲ ಅಂದಾಜು. ಅಂದಾಜನ್ನು ಕರೆಕ್ಟ್ ಅನ್ನಲು ಬಾಯಿ ಬರುವುದಿಲ್ಲ, ಫೇರ್ ಅನ್ನಬಹುದು. ಇಲ್ಲಿ ಎರಡೂ ಮನೆಯವರು ಒಂದೇ ಜಗಲಿಯಲ್ಲಿ ಕೂತ ಹಾಗಿದೆ ನನಗೆ. ಮೋಸ ಇಲ್ಲ ಅನ್ನುವುದೂ ಇದೆ, ನೂರಕ್ಕೆ ನೂರು ಅಲ್ಲ ಅನ್ನುವುದೂ ಇದೆ.

ಈ ಹೊತ್ತಿಗೆ ಹಿಂದಿನ ಸಾಲಿನ ಒಬ್ಬ ಹುಡುಗ ಕೈಯೆತ್ತಿದ. ‘ಸಾರ್, ಫೇರ್ಲಿ ಅಂದರೆ ಸಮನಾಗಿ ಅಂತ ಬರೆದರೆ ಆಗಲ್ವಾ?’ ಅಂದ. ಒಳ್ಳೇ ಪ್ರಶ್ನೆ, ನಾನೇ ಮರೆತಿದ್ದೆ. ಸಮನಾಗಿ ಅನ್ನೋದು ‘ಈಕ್ವಲಿ’. ಪರೀಕ್ಷೆಯಲ್ಲಿ ಎಲ್ಲರಿಗೂ ಮೂರು ಗಂಟೆ ಕೊಟ್ಟರೆ ಸಮನಾಗಿ ಕೊಟ್ಟ ಹಾಗಾಯಿತು. ಕಣ್ಣು ಕಾಣದ, ಬೇರೆಯವರಿಂದ ಬರೆಸಬೇಕಾದ ವಿದ್ಯಾರ್ಥಿಗೆ ಇನ್ನೊಂದಿಷ್ಟು ಹೊತ್ತು ಜಾಸ್ತಿ ಕೊಟ್ಟರೆ ಸಮ ಹೋಯಿತು, ಫೇರ್ ಬಂತು. ಕೆಲವು ಕಡೆ ಎರಡೂ ಒಂದೇ ಆಗಬಹುದು. ಆದರೆ ಮೂಲದಲ್ಲಿ ಫೇರ್ಲಿ ಇದ್ದರೆ ಅದನ್ನು ಕಣ್ಣು ಮುಚ್ಚಿಕೊಂಡು ‘ಸಮನಾಗಿ’ ಮಾಡಿದಿರೋ, ಬರೆದವರು ಆಡದೇ ಇದ್ದ ಮಾತನ್ನು ಅವರ ಬಾಯಿಗೆ ತುರುಕಿದ ಹಾಗೆ.

ಪಕ್ಕದವನು ಕ್ರಿಕೆಟ್ ಎತ್ತಿದ. ಎತ್ತದೇ ಇದ್ದರೆ ಆಶ್ಚರ್ಯ. 1947ರ ಡಿಸೆಂಬರ್‌ನಲ್ಲಿ ಸಿಡ್ನಿ ಟೆಸ್ಟಿನಲ್ಲಿ ಭಾರತದ ಬೌಲರ್ ವಿನೂ ಮಂಕಡ್, ತಾವು ಬಾಲ್ ಹಾಕುವ ಮೊದಲೇ ಕ್ರೀಸ್ ಬಿಟ್ಟು ಮುಂದೆ ಹೋಗಿದ್ದ ಆಸ್ಟ್ರೇಲಿಯಾದ ಬಿಲ್ ಬ್ರೌನ್ ಅವರನ್ನು ರನೌಟ್ ಮಾಡಿದ್ದು ಗೊತ್ತಲ್ಲ. ಆ ಥರದ ಔಟಿಗೆ ಮಂಕಡ್ ಹೆಸರೇ ಅಂಟಿಕೊಂಡಿತು, ಏನೋ ಕಳ್ಳತನ ಮಾಡಿದವರ ಹಾಗೆ. ನಿಯಮದಲ್ಲಿ ಔಟೇ. ಆದರೆ ಆ ನಿಯಮ ಈಚಿನವರೆಗೂ ಕೂತಿದ್ದು 41ನೇ ನಿಯಮದ ಕೆಳಗೆ, ಅದರ ತಲೆಬರಹ ‘ಅನ್‌ಫೇರ್ ಪ್ಲೇ’. 2022ರಲ್ಲಿ ಅದನ್ನು ಅಲ್ಲಿಂದ ತೆಗೆದು ‘ರನೌಟ್’ ಅನ್ನುವ 38ನೇ ನಿಯಮಕ್ಕೆ ಹಾಕಿದರು. ಔಟ್ ಮಾಡುವ ರೀತಿ ಬದಲಾಗಲಿಲ್ಲ, ಬದಲಾಗಿದ್ದು ಯಾವ ತಲೆಬರಹದ ಕೆಳಗಿದೆ ಅನ್ನುವುದು ಮಾತ್ರ. ‘ಹಾಗಾದ್ರೆ ಅವರು ಫೇರ್ಲಿ ಔಟ್ ಮಾಡಿದ್ದಾ?’ ಅಂದ. ಹೌದಪ್ಪ, ನನ್ನ ಕೇಳಿದರೆ ನ್ಯಾಯದ ಮನೆಯ ಫೇರ್ಲಿಯೇ. ಓಡುವವನು ಕದ್ದ ಜಾಗ ವಾಪಸ್ ತಗೊಂಡಿದ್ದಾರೆ, ಅಷ್ಟೆ.

ಕೊನೆಗೆ ಮುಂದಿನ ಸಾಲಿನಲ್ಲಿ ಇಡೀ ಹೊತ್ತು ಬರೆದುಕೊಳ್ಳುತ್ತಿದ್ದ ಒಬ್ಬರು ಮೇಡಂ ಪೆನ್ನು ಕೆಳಗಿಟ್ಟರು. ‘ತಕ್ಕ ತಕ್ಕ ಅಂತ ಇಷ್ಟು ಹೇಳಿದ್ರಿ. ಆ ಮಾಹಿತಿ ಕಾನೂನಿನ ಸಾಲಿಗೆ ತಕ್ಕ ಹೊಂದುತ್ತಾ? ಜನರ ಮಾಹಿತಿಯನ್ನು ತಕ್ಕಂತೆ ಬಳಸಬೇಕು ಅಂದರೆ ಯಾವುದಕ್ಕೆ ತಕ್ಕಂತೆ ಅಂತ ಕೇಳ್ತಾರೆ. ತಕ್ಕಂತೆ ಅಂದ್ರೆ ಅದರ ಹಿಂದೆ ಒಂದು ‘ಕ್ಕೆ’ ಬೇಕೇ ಬೇಕು. ಫೇರ್ಲಿಗೆ ಅದು ಬೇಡ. ಅದು ಒಂಟಿಯಾಗಿ ನಿಲ್ಲುತ್ತೆ.’

ನಾನು ಬೋರ್ಡಿನ ಮೇಲೆ ಎರಡು ಮೂರು ಸಲ ಬರೆದೆ, ಅಳಿಸಿದೆ. ‘ಮೋಸವಿಲ್ಲದೆ’ ಅಂತ ಬರೆದೆ, ಅದು ತೀರಾ ಸಣ್ಣದಾಯಿತು. ‘ಒಪ್ಪುವ ರೀತಿಯಲ್ಲಿ’ ಅಂತ ಬರೆದೆ, ಯಾರು ಒಪ್ಪಬೇಕು ಅಂತ ಅವರೇ ಕೇಳಿದರು. ಇಂಗ್ಲಿಷಿನವರು ಇಂಥ ಹೊತ್ತಿನಲ್ಲಿ ‘ಫೇರ್ ಎನಫ್’ ಅಂದು ಸುಮ್ಮನಾಗುತ್ತಾರೆ. ಅದಕ್ಕೆ ಕನ್ನಡ ಹುಡುಕಬೇಕಾಗಿ ಬರಲಿಲ್ಲ, ತಾನಾಗೇ ಬಾಯಿಗೆ ಬಂತು: ‘ಆಯ್ತು ಬಿಡಿ ಮೇಡಂ, ನೀವು ಹೇಳೋದು ಸರಿ.’